ಅಲೆನ್ ಕೀ ಕೆಳಗಿಡು, ಮಗ

ನಿನ್ನೆ ಸಂಜೆ ಬಂದವನೇ ಬ್ಯಾಗು ಮೂಲೆಗೆಸೆದು, "ತಾತಾ, ಏರ್ ಪಿಸ್ತೂಲು ಸತ್ತೋಯ್ತು. ಸೆಕೆಂಡಿಗೆ 150 ಮೀಟರ್ ಬರ್ತಿದ್ದ ಪೆಲೆಟ್ 130ಕ್ಕೆ ಇಳಿದಿದೆ" ಅಂದೆ. ಮಾತು ಮುಗಿಯೋ ಮೊದಲೇ ನಿನ್ನ ಕೈಯಲ್ಲಿ ಅಲೆನ್ ಕೀ. ನಿನ್ನ ಕಣ್ಣು ಚುರುಕು, ಕೈ ಗಟ್ಟಿ, ಒಪ್ಪಿದೆ. ಆದರೆ ಸ್ಕ್ರೂ ಕಂಡರೆ ಸಾಕು, ನಿನ್ನ ಬೆರಳು ಸುಮ್ಮನಿರಲ್ಲ.

ಶಿಡ್ಲಘಟ್ಟದಲ್ಲಿ ನಾನು ಸೈಕಲ್ ಶಾಪ್ ಇಟ್ಟು ನಲವತ್ತು ವರ್ಷ ಗಾಳಿಯ ಜೊತೆಗೇ ಬದುಕಿದವನು. ಹೊಸದರಲ್ಲಿ ಒಂದು ಬೆಳಿಗ್ಗೆ ರೇಷ್ಮೆಗೂಡಿನ ಮೂಟೆ ಹೇರಿಕೊಂಡ ರೈತ ಬಂದು, "ಬೇಗ ಪಂಚರ್ ಹಾಕಪ್ಪಾ, ಹರಾಜಿಗೆ ಹೊತ್ತಾಯ್ತು" ಅಂದ. ನಾನೂ ಹಿಂದೆ ಮುಂದೆ ನೋಡದೆ ಟಯರ್ ಬಿಚ್ಚಿದೆ. ಅವಸರದಲ್ಲಿ ಲಿವರ್ ತಗುಲಿ ಟ್ಯೂಬಿಗೆ ಎರಡು ತೂತಾಯ್ತು. ಮೊದಲಿನ ತೂತು ಎಲ್ಲಿ ಅಂತ ಹುಡುಕಿದರೆ ಸಿಗಲೇ ಇಲ್ಲ, ಹಾಳಾಗಿದ್ದು ವಾಲ್ ಟ್ಯೂಬ್ ಅಷ್ಟೇ. ಬೆರಳಿಗೆ ಎಂಜಲು ಹಚ್ಚಿ ವಾಲ್ ಬಾಯಿಗೆ ಒತ್ತಿದ್ದರೆ ಒಂದು ಗುಳ್ಳೆ ಎದ್ದು ಎಲ್ಲಾ ಹೇಳಿಬಿಡ್ತಿತ್ತು. ಆ ರೈತನಿಗೆ ಅವತ್ತಿನ ಹರಾಜು ತಪ್ಪಿತು. ಅವನ ಮುಖ ಇನ್ನೂ ನನ್ನ ಕಣ್ಣ ಮುಂದಿದೆ.

ನಿನ್ನ ಪಿಸ್ತೂಲಿಗೂ ಮೊದಲು ಎಂಜಲು ಹಚ್ಚಿ ನೋಡು, ಅಂದರೆ ಬಿಚ್ಚೋ ಮೊದಲು ಸುಲಭದ್ದನ್ನು ಪರೀಕ್ಷಿಸು. ಪೆಲೆಟ್ ಡಬ್ಬಿ ಬದಲಾಯಿಸಿದೆಯಾ? 0.45 ಗ್ರಾಂ ಹೊಡೀತಿದ್ದವನು 0.53 ಗ್ರಾಂ ಹಾಕಿದರೆ ವೇಗ 138ರ ಆಸುಪಾಸಿಗೆ ತಾನಾಗಿ ಇಳಿಯುತ್ತೆ, ಅದು ರೋಗವಲ್ಲ. ವೇಗ ಅಳೆಯೋ ಯಂತ್ರ ಟ್ಯೂಬ್‌ಲೈಟಿನ ಕೆಳಗಿತ್ತಾ? ಕೆಲವು ಯಂತ್ರ ಆ ಬೆಳಕಲ್ಲಿ ತಪ್ಪು ಓದುತ್ತವೆ. ಸಿಲಿಂಡರ್ ತುಂಬಿದಾಗ 200 ಬಾರ್ ಇರುತ್ತೆ, ಸರಿ. ಹೊಡೀತಾ ಹೊಡೀತಾ ಒತ್ತಡವನ್ನು ಒಂದೇ ಸಮ ಇಡೋ ರೆಗ್ಯುಲೇಟರಿನ ಮಟ್ಟಕ್ಕಿಂತ ಸಿಲಿಂಡರಿನ ಒತ್ತಡ ಕೆಳಗೆ ಹೋದರೆ ಪ್ರತಿ ಹೊಡೆತಕ್ಕೂ ವೇಗ ಜಾರುತ್ತೆ. ಆಗ ಬೇಕಿರೋದು ಗಾಳಿ, ಸ್ಕ್ರೂ ಅಲ್ಲ.

ಇದೆಲ್ಲ ಸರಿ ಇದ್ದರೆ ತೆಳು ಕಾಗದದ ಒಂದು ಎಳೆ ಹರಿದು, ಪೆಲೆಟ್ ಇಡೋ ಬಾಯಿಯ ಹತ್ತಿರ ಹಿಡಿದು, ಬ್ಯಾರಲ್ ಟಾರ್ಗೆಟ್ಟಿಗೇ ತಿರುಗಿಸಿ ಹೊಡಿ. ಎಳೆ ಪಟಪಟ ಅಂದರೆ ಅಲ್ಲಿನ ಓ ರಿಂಗ್ ಸವೆದಿದೆ ಅಂತ ತಿಳ್ಕೋ. ಒಂದು ಮಾತು ಮಾತ್ರ ಗಂಟು ಹಾಕ್ಕೋ. ಅಡುಗೆಮನೆ ಎಣ್ಣೆ, ಹೊಲಿಗೆ ಯಂತ್ರದ ಎಣ್ಣೆ ಯಾವುದನ್ನೂ ಅಲ್ಲಿಗೆ ಹಚ್ಚಬೇಡ. ಆ ಒತ್ತಡದ ಗಾಳಿಗೆ ಎಣ್ಣೆ ಸಿಕ್ಕರೆ ಬೆಂಕಿ ಹತ್ತಬಹುದು.

ಸ್ವಲ್ಪ ಹೊತ್ತು ಸುಮ್ಮನಿಟ್ಟ ಮೇಲೆ ಮೊದಲ ಹೊಡೆತ ಜೋರಾಗಿ ಹೋಗಿ, ಆಮೇಲಿನವು ಇಳಿದರೆ ಕಾಯಿಲೆ ರೆಗ್ಯುಲೇಟರಿನಲ್ಲಿದೆ. ಅದನ್ನು ಬಲ್ಲವರ ಕೈಗೆ ಕೊಡು, ನೀನು ಮುಟ್ಟಬೇಡ.

ವೇಗದ ಲೆಕ್ಕ ಯಾಕೆ ಅಂತೀಯಾ? 150ರಲ್ಲಿ ಹೋಗೋ ಪೆಲೆಟ್ 10 ಮೀಟರ್ ದಾಟೋಷ್ಟರಲ್ಲಿ ಸುಮಾರು 22 ಮಿಲಿಮೀಟರ್ ಬೀಳುತ್ತೆ, 130ರದ್ದು 29. ಏಳು ಮಿಲಿಮೀಟರ್ ವ್ಯತ್ಯಾಸ ಅಂದರೆ ಹತ್ತು ಅಂಕ ಒಂಬತ್ತಾಗಬಹುದು. ಎಲ್ಲವೂ 130ರಲ್ಲೇ ಹೋದರೆ ಸೈಟ್ ಸರಿಮಾಡ್ಕೋಬಹುದು. ಒಂದು 150, ಇನ್ನೊಂದು 135 ಅಂದರೆ ಯಾವ ಸೈಟೂ ಕಾಯಲ್ಲ. ಅದಕ್ಕೇ ದೊಡ್ಡ ಸಂಖ್ಯೆಗೆ ಆಸೆಪಡಬೇಡ, ಹತ್ತು ಹೊಡೆತವೂ ಒಂದೇ ಥರ ಇವೆಯಾ ನೋಡು.

ನಿನ್ನ ಗೋಡೆ ಮೇಲಿರೋ ಮನು ಭಾಕರ್ ಅವರನ್ನೇ ನೋಡು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸಲ್ಲಿ ಅರ್ಹತಾ ಸುತ್ತಿನ ನಡುವೆ ಪಿಸ್ತೂಲು ಕೈಕೊಟ್ಟಿತು. 75 ನಿಮಿಷದಲ್ಲಿ 60 ಹೊಡೆತ ಮುಗಿಸಬೇಕಾದ ಕಡೆ ಎಷ್ಟೋ ನಿಮಿಷ ರಿಪೇರಿಗೇ ಹೋಯ್ತು. 575 ಅಂಕ, 12ನೇ ಸ್ಥಾನ, ಫೈನಲ್ ತಪ್ಪಿತು. ಅಂಥಾದ್ದನ್ನು ನುಂಗಿಕೊಂಡು ಅಭ್ಯಾಸಕ್ಕೆ ಮರಳಿದ ಹುಡುಗಿ 2024ರಲ್ಲಿ ಪ್ಯಾರಿಸ್ಸಿಂದ ಎರಡು ಕಂಚು ತಂದಳು. ನಿನ್ನ ಪಿಸ್ತೂಲು ಕೈಕೊಟ್ಟಿರೋದು ಅಭ್ಯಾಸದಲ್ಲಿ, ಪಂದ್ಯದಲ್ಲಲ್ಲ. ಇದಕ್ಕಿಂತ ಒಳ್ಳೆ ಗಳಿಗೆ ಸಿಗಲ್ಲ ಕಣಪ್ಪಾ.

ನಾಳೆ ಸಿಲಿಂಡರ್ ತುಂಬಿಸಿಕೊಂಡು, ಒಂದೇ ಡಬ್ಬಿಯ ಹತ್ತು ಪೆಲೆಟ್ ಹೊಡೆದು, ಹತ್ತೂ ಸಂಖ್ಯೆ ನೋಟ್‌ಬುಕ್ಕಲ್ಲಿ ಬರ್ಕೊಂಡು ಬಾ. ಒಂದು ಸಲಕ್ಕೆ ಒಂದೇ ಬದಲಾವಣೆ. ಅಲ್ಲೀವರೆಗೆ ಅಲೆನ್ ಕೀ ನನ್ನ ಹತ್ತಿರ ಇರಲಿ.