ಶ್ರಿಂಕೋ, ಸ್ಟ್ರೆಚ್ಚೋ? ಫಿಲ್ಮ್ ಪ್ಯಾಕಿಂಗ್: ಪರೀಕ್ಷೆಗೆ ಮುಖ್ಯಾಂಶಗಳು

ಪ್ಯಾಕೇಜಿಂಗ್ ಮತ್ತು ಗೋದಾಮು ನಿರ್ವಹಣೆ ಓದುವವರಿಗೆ ಈ ಟಿಪ್ಪಣಿ. ಎರಡೂ ಫಿಲ್ಮ್‌ಗಳು ಸರಕನ್ನು ಬಿಗಿಯಾಗಿ ಹಿಡಿಯುತ್ತವೆ ಎಂದಷ್ಟೇ ಬರೆದರೆ ಅಂಕ ಸಿಗದು. ಆ ಬಿಗಿ ಎಲ್ಲಿಂದ ಬಂತು ಎಂದು ಬರೆಯಬೇಕು.

ಶ್ರಿಂಕ್ ಫಿಲ್ಮ್: ಬಿಗಿ ಬರುವುದು ಶಾಖದಿಂದ. ತಯಾರಿಕೆಯ ಹಂತದಲ್ಲೇ ಫಿಲ್ಮನ್ನು ಬಿಸಿಯಲ್ಲಿ ಹಿಗ್ಗಿಸಿ, ಹಿಗ್ಗಿದ ಸ್ಥಿತಿಯಲ್ಲೇ ತಣಿಸಿರುತ್ತಾರೆ. ಹೀಟ್ ಗನ್ ಅಥವಾ ಸರಕು ಹಾದುಹೋಗುವ ಬಿಸಿ ಟನಲ್‌ನ ಬಿಸಿಗಾಳಿ ತಗುಲಿದಾಗ ಅದು ಕುಗ್ಗಿ ವಸ್ತುವಿನ ಆಕಾರಕ್ಕೆ ಅಂಟಿಕೊಳ್ಳುತ್ತದೆ.

ಸ್ಟ್ರೆಚ್ ಫಿಲ್ಮ್: ಶಾಖ ಬೇಡ. ಎಳೆದು ಸುತ್ತುತ್ತಾರೆ, ಎಳೆದ ಫಿಲ್ಮ್ ಹಿಂದಕ್ಕೆ ಸೆಳೆದುಕೊಳ್ಳುವ ಬಲವೇ ಸರಕನ್ನು ಹಿಡಿಯುತ್ತದೆ. ಮುಖ್ಯ ಕಚ್ಚಾವಸ್ತು ಪಾಲಿಎಥಿಲೀನ್‌ನ ಒಂದು ಬಗೆಯಾದ ಎಲ್‌ಎಲ್‌ಡಿಪಿಇ. ಪದರಕ್ಕೆ ಪದರ ಅಂಟಲು ಪಾಲಿಐಸೊಬ್ಯುಟಿಲೀನ್‌ನಂಥ ಪದಾರ್ಥ ಬೆರೆಸಿರುತ್ತಾರೆ. ಹಾಗಾಗಿ ಕೊನೆಗೆ ಟೇಪು ಹಚ್ಚುವ ಕೆಲಸವಿಲ್ಲ.

ಆಯ್ಕೆಯ ಮೊದಲ ಪ್ರಶ್ನೆ: ಒಂದು ವಸ್ತುವನ್ನು ಮುಚ್ಚಬೇಕೋ, ಹಲವು ಪೆಟ್ಟಿಗೆಗಳನ್ನು ಒಂದೇ ಹೊರೆಯಾಗಿ ಹಿಡಿದಿಡಬೇಕೋ? ಪುಸ್ತಕ, ಸುಗಂಧದ ಡಬ್ಬಿ, ಆಟಿಕೆಯ ಪೆಟ್ಟಿಗೆಗೆ ಶ್ರಿಂಕ್ ಸರಿ. ಬಿಚ್ಚಿದರೆ ಗುರುತು ಉಳಿಯುತ್ತದೆ, ದೂಳು ಒಳಹೋಗದು. ಪ್ಯಾಲೆಟ್ ಮೇಲೆ ಪೇರಿಸಿದ ರಟ್ಟಿನ ಪೆಟ್ಟಿಗೆಗಳಿಗೆ ಸ್ಟ್ರೆಚ್ ಸರಿ. ನಡುವೆ ಒಂದು ವರ್ಗವಿದೆ: ಡಜನ್ ನೀರಿನ ಬಾಟಲಿಗಳ ಕಟ್ಟು. ಅದು ದಪ್ಪ ಪಾಲಿಎಥಿಲೀನ್ ಶ್ರಿಂಕ್. ಚಾಕೊಲೇಟು, ಮೇಣದಬತ್ತಿಯಂಥ ಶಾಖ ತಾಳದ ಸರಕಿಗೆ ಟನಲ್ ಬಳಸುವಾಗ ಎಚ್ಚರ ಬೇಕು.

ಶ್ರಿಂಕ್‌ನ ಒಳಬಗೆ: ಪಿವಿಸಿ, ಪಾಲಿಓಲೆಫಿನ್, ಪಾಲಿಎಥಿಲೀನ್. ಪಿವಿಸಿ ಅತಿಯಾಗಿ ಬಿಸಿಯಾದರೆ ಹೈಡ್ರೋಜನ್ ಕ್ಲೋರೈಡ್ ಹೊರಬರುತ್ತದೆ. ಗಾಳಿಯಾಡದ ಕೋಣೆಯಲ್ಲಿ ಪಿವಿಸಿಯ ಸೀಲಿಂಗ್ ಕೆಲಸ ಬೇಡ. ಹೊಳಪೂ ಗಟ್ಟಿತನವೂ ಬೇಕಾದಲ್ಲಿ ಪಾಲಿಓಲೆಫಿನ್ ಮೇಲು.

ಕಿಲೋ ಲೆಕ್ಕದ ಬಲೆ: ಫಿಲ್ಮ್ ಕಿಲೋ ಲೆಕ್ಕದಲ್ಲಿ ಮಾರಾಟವಾಗುತ್ತದೆ, ಬಳಕೆಯಾಗುವುದು ಚದರ ಮೀಟರಿನಲ್ಲಿ. 20 ಮೈಕ್ರಾನ್ ದಪ್ಪದ ಫಿಲ್ಮ್ ತೆಗೆದುಕೊಳ್ಳಿ. ಪಿವಿಸಿಯ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 1.4 ಗ್ರಾಂ, ಪಾಲಿಓಲೆಫಿನ್‌ದು ಸುಮಾರು 0.92. ಅಂದರೆ ಒಂದು ಕಿಲೋ ಪಿವಿಸಿಯಲ್ಲಿ ಸುಮಾರು 36 ಚದರ ಮೀಟರ್, ಪಾಲಿಓಲೆಫಿನ್‌ನಲ್ಲಿ ಸುಮಾರು 54. ಕಿಲೋಗೆ ಅಗ್ಗ ಎಂದು ಪಿವಿಸಿ ಕೊಂಡವರು ಪೆಟ್ಟಿಗೆಗೆ ಬೀಳುವ ಖರ್ಚನ್ನು ಲೆಕ್ಕ ಹಾಕಿರುವುದಿಲ್ಲ. ಸೂತ್ರ: ಒಂದು ಚದರ ಮೀಟರಿನ ತೂಕ (ಗ್ರಾಂ) = ಮೈಕ್ರಾನ್ × ಸಾಂದ್ರತೆ. 1 ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು. ಪೇಟೆಯ 100 ಗೇಜ್ ಸುಮಾರು 25 ಮೈಕ್ರಾನ್.

ಪ್ರೀ-ಸ್ಟ್ರೆಚ್: ಯಂತ್ರದಲ್ಲಿ ಎರಡು ರೋಲರ್‌ಗಳು ಬೇರೆ ಬೇರೆ ವೇಗದಲ್ಲಿ ತಿರುಗಿ, ಸುತ್ತುವ ಮೊದಲೇ ಫಿಲ್ಮನ್ನು ಎಳೆಯುತ್ತವೆ. ಶೇಕಡಾ 250 ಎಳೆತವೆಂದರೆ 1 ಮೀಟರ್ ಫಿಲ್ಮ್ 3.5 ಮೀಟರ್ ಆಗುತ್ತದೆ, 2.5 ಅಲ್ಲ, ಮೂಲ ಉದ್ದವನ್ನು ಕೂಡಿಸಲು ಮರೆಯಬಾರದು. ಕೈಯಿಂದ ಸುತ್ತಿದರೆ ಇಷ್ಟು ಎಳೆತ ಸಿಗದು. ದಿನಕ್ಕೆ ನಾಲ್ಕಾರು ಪ್ಯಾಲೆಟ್ ಇದ್ದರೆ ಕೈರೋಲು ಸಾಕು. ಲೋಡು ಹೆಚ್ಚಿದಂತೆ ಯಂತ್ರದ ಖರ್ಚು ಫಿಲ್ಮ್ ಉಳಿತಾಯದಲ್ಲೇ ಹುಟ್ಟುತ್ತದೆ.

ಕಾಸ್ಟ್, ಬ್ಲೋನ್: ಇವು ಸ್ಟ್ರೆಚ್ ಫಿಲ್ಮಿನ ಎರಡು ಬಗೆ. ಕಾಸ್ಟ್ ಫಿಲ್ಮ್ ತಿಳಿ, ಬಿಚ್ಚುವಾಗ ಸದ್ದು ಕಡಿಮೆ. ಬ್ಲೋನ್ ಮಸುಕು, ಸದ್ದು ಜೋರು, ಆದರೆ ಮೊನೆ ಚುಚ್ಚಿದರೂ ತಡೆಯುವ ಶಕ್ತಿ ಹೆಚ್ಚು.

ಸುತ್ತುವ ಕ್ರಮ: ಬುಡದಲ್ಲಿ ಎರಡು ಮೂರು ಸುತ್ತು ಪ್ಯಾಲೆಟ್ಟನ್ನೂ ಸೇರಿಸಿ ಹಾಕಬೇಕು. ಇದು ತಪ್ಪಿದರೆ ಪೆಟ್ಟಿಗೆಗಳು ಒಂದಕ್ಕೊಂದು ಬಿಗಿಯಾಗಿಯೇ ಇರುತ್ತವೆ, ಲಾರಿ ಬ್ರೇಕ್ ಹಾಕಿದಾಗ ಇಡೀ ಗುಡ್ಡೆ ಪ್ಯಾಲೆಟ್ ಮೇಲಿಂದ ಜಾರುತ್ತದೆ. ಮೇಲೇರುವಾಗ ಪ್ರತಿ ಸುತ್ತೂ ಹಿಂದಿನದರ ಸುಮಾರು ಅರ್ಧವನ್ನು ಮುಚ್ಚಲಿ. ಬಿಗಿ ಅತಿಯಾದರೆ ರಟ್ಟಿನ ಮೂಲೆ ಕುಸಿಯುತ್ತದೆ. ಹಗುರ ಸರಕಿಗೆ ಮೂಲೆಪಟ್ಟಿ ಇಟ್ಟು ಎಳೆತ ತಗ್ಗಿಸಬೇಕು. ತಿರುಗಿಸಿದರೆ ಬೀಳುವಂಥ ಲೋಡಿಗೆ ತಿರುಗುಮೇಜು ಬೇಡ. ಲೋಡು ನಿಂತಲ್ಲೇ ಇದ್ದು ತೋಳು ಸುತ್ತುವ ಯಂತ್ರ ಬೇಕು.

ಮಳೆ ಮತ್ತು ಬೆವರು: ಬರಿ ಸ್ಟ್ರೆಚ್ ಸುತ್ತಿದ ಪ್ಯಾಲೆಟ್ಟಿನ ತಲೆ ತೆರೆದಿರುತ್ತದೆ. ಮಳೆಗಾಲದಲ್ಲಿ ಮೇಲುಹಾಳೆ ಹಾಕಬೇಕು, ಇಲ್ಲವೇ ಐದು ಬದಿ ಮುಚ್ಚುವ ಸ್ಟ್ರೆಚ್ ಹುಡ್ ಬಳಸಬೇಕು. ಬಿಸಿ ಆರದ ಸರಕನ್ನು ಪೂರ್ತಿ ಮುಚ್ಚಿದರೆ ಒಳಗೆ ನೀರ ಹನಿ ಕಟ್ಟುತ್ತದೆ. ಉಸಿರಾಡುವ ತರಕಾರಿ, ಹಣ್ಣಿನ ಪ್ಯಾಲೆಟ್ಟಿಗೆ ತೂತಿನ ಫಿಲ್ಮ್ ಅಥವಾ ಬಲೆ ಸೂಕ್ತ. ತುಕ್ಕು ಹಿಡಿಯುವ ಯಂತ್ರಭಾಗಕ್ಕೆ ತುಕ್ಕುನಿರೋಧಕ ಆವಿ ಬಿಡುವ ವಿಸಿಐ ಫಿಲ್ಮ್ ಬೇರೆಯೇ ಇದೆ.

ಕಾನೂನು: ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳು 2016ರವು. 2021ರ ಆಗಸ್ಟ್ ತಿದ್ದುಪಡಿಯ ಪ್ರಕಾರ 2022ರ ಜುಲೈ 1ರಿಂದ ಸಿಹಿತಿಂಡಿ ಪೆಟ್ಟಿಗೆ, ಆಹ್ವಾನಪತ್ರಿಕೆ, ಸಿಗರೇಟು ಪ್ಯಾಕೆಟ್ ಸುತ್ತುವ ಪ್ಲಾಸ್ಟಿಕ್ ಫಿಲ್ಮ್ ನಿಷಿದ್ಧ. ಪ್ಯಾಲೆಟ್ ಫಿಲ್ಮ್ ಆ ಪಟ್ಟಿಯಲ್ಲಿಲ್ಲ. ಆದರೆ 2022ರ ಫೆಬ್ರವರಿಯ ವಿಸ್ತೃತ ಉತ್ಪಾದಕ ಹೊಣೆಗಾರಿಕೆ ಮಾರ್ಗಸೂಚಿಯಲ್ಲಿ ಬಾಗುವ ಪ್ಲಾಸ್ಟಿಕ್ ಪ್ಯಾಕಿಂಗ್ 2ನೇ ವರ್ಗಕ್ಕೆ ಸೇರುತ್ತದೆ. ಕರ್ನಾಟಕದ 2016ರ ಮಾರ್ಚ್ ಅಧಿಸೂಚನೆ ಕ್ಲಿಂಗ್ ಫಿಲ್ಮನ್ನೂ ನಿಷೇಧಿಸಿತ್ತು. ಮರುಬಳಕೆ ಸಂಕೇತಗಳು: ಪಿವಿಸಿ 3, ಪಾಲಿಎಥಿಲೀನ್ ಬಗೆಯ ಎಲ್‌ಡಿಪಿಇ 4. ಎರಡನ್ನೂ ಒಂದೇ ಚೀಲಕ್ಕೆ ತುಂಬಿದರೆ ಗುಜರಿಯಲ್ಲಿ ಬೆಲೆ ಬೀಳುತ್ತದೆ. ಪಿವಿಸಿ ಬೆರೆತ ಪಾಲಿಎಥಿಲೀನ್ ಕರಗಿಸಿದಾಗ ಕೆಡುತ್ತದೆ.