ಸೀಸಿಯಂ ರೋಹಿತದ ಚಿಕ್ಕ ಶಿಖರ
ಆಂತರಿಕ ಪರಿವರ್ತನೆ ಅಳೆದ ಅನುಭವದ ಪಾಠಗಳು

ಉದ್ರಿಕ್ತ ನ್ಯೂಕ್ಲಿಯಸ್ ಕೆಳಗಿನ ಸ್ಥಿತಿಗೆ ಇಳಿಯುವಾಗ ಹೆಚ್ಚುವರಿ ಶಕ್ತಿಯನ್ನು ಗ್ಯಾಮಾ ಕಿರಣವಾಗಿ ಹೊರಹಾಕಬಹುದು. ಇಲ್ಲವೇ ಅದನ್ನು ತನ್ನದೇ ಪರಮಾಣುವಿನ ಎಲೆಕ್ಟ್ರಾನೊಂದಕ್ಕೆ ನೇರವಾಗಿ ಕೊಟ್ಟು ಹೊರದಬ್ಬಬಹುದು. ಈ ಎರಡನೆಯ ದಾರಿಯೇ ಆಂತರಿಕ ಪರಿವರ್ತನೆ. ಹೀಗೆ ಹೊರಬಿದ್ದ ಎಲೆಕ್ಟ್ರಾನ್‌ಗಳ ಸಂಖ್ಯೆಯನ್ನು ಗ್ಯಾಮಾಗಳ ಸಂಖ್ಯೆಯಿಂದ ಭಾಗಿಸಿದರೆ ಪರಿವರ್ತನಾ ಗುಣಾಂಕ ಸಿಗುತ್ತದೆ. ಎಂ.ಎಸ್ಸಿ. ಪ್ರಯೋಗಾಲಯದಲ್ಲಿ ಸೀಸಿಯಂ-137 ಮೂಲವನ್ನು ಇಟ್ಟು ಇದನ್ನು ಅಳೆಸುತ್ತಾ ಬಂದಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಇಳಿಯುವವರಿಗೆ ಹೇಳಬೇಕೆನಿಸಿದ್ದು ಇಷ್ಟು.

1. ಡಿಟೆಕ್ಟರ್ ಆನ್ ಮಾಡುವ ಮೊದಲು ಕಾಗದದ ಮೇಲೆ ಲೆಕ್ಕ ಹಾಕಿ. ಸೀಸಿಯಂ-137ರ ನೂರು ವಿಘಟನೆಗಳಲ್ಲಿ 94ಕ್ಕಿಂತ ತುಸು ಹೆಚ್ಚು, 2.55 ನಿಮಿಷ ಅರ್ಧಾಯುವಿನ ಬೇರಿಯಂ-137ಎಂ ಸ್ಥಿತಿಯ ಮೂಲಕ ಹಾಯುತ್ತವೆ. ಅವುಗಳಲ್ಲಿ 662 ಕೆಇವಿ ಗ್ಯಾಮಾ ಆಗಿ ಕಾಣಿಸಿಕೊಳ್ಳುವುದು 85. ಉಳಿದ ಒಂಬತ್ತು ಚಿಲ್ಲರೆ ಎಲೆಕ್ಟ್ರಾನ್‌ಗಳ ಪಾಲು. ಅಂದರೆ ಒಟ್ಟು ಗುಣಾಂಕ 0.11ರ ಆಸುಪಾಸು; ಅದರಲ್ಲಿ ಕೆ ಕವಚದ್ದೇ 0.09. ಆ ಕವಚದಲ್ಲಿ ತೆರವಾದ ಜಾಗ ತುಂಬುವಾಗ ಹತ್ತಕ್ಕೆ ಒಂಬತ್ತು ಸಲ ಬೇರಿಯಂನ ಕ್ಷ-ಕಿರಣ ಹೊಮ್ಮುತ್ತದೆ. ಹೀಗಾಗಿ 85 ಗ್ಯಾಮಾಗಳಿಗೆ 32 ಕೆಇವಿ ಸುತ್ತಮುತ್ತಲಿನ ಏಳು ಕ್ಷ-ಕಿರಣಗಳು ಬರಬೇಕು. ಈ ಅಂದಾಜು ತಲೆಯಲ್ಲಿದ್ದರೆ, ಎಡವಟ್ಟಾಗಿರುವ ಉತ್ತರ ಬಂದ ಕೂಡಲೇ ಗೊತ್ತಾಗುತ್ತದೆ.

ಗುಣಾಂಕ ಇಷ್ಟು ದೊಡ್ಡದಾಗಿರಲು ಕಾರಣ ಇದು ಎಂ4 ಸಂಕ್ರಮಣ: ಸ್ಪಿನ್ 11/2ರಿಂದ 3/2ಕ್ಕೆ ಇಳಿಯುತ್ತದೆ, ಪ್ಯಾರಿಟಿಯೂ ಬದಲಾಗುತ್ತದೆ. ಇದೇ ಶಕ್ತಿಯ ಇ2 ಆಗಿದ್ದರೆ ಗುಣಾಂಕ 0.01 ಕೂಡ ಮುಟ್ಟುತ್ತಿರಲಿಲ್ಲ. ಒಂದು ಅನುಪಾತ ಅಳೆದು ನ್ಯೂಕ್ಲಿಯಸ್ಸಿನ ಒಳಗಿನ ಸ್ಪಿನ್, ಪ್ಯಾರಿಟಿ ತಿಳಿಯಬಹುದು ಎಂಬುದೇ ನನ್ನನ್ನು ಈ ವಿಷಯಕ್ಕೆ ಹಿಡಿದಿಟ್ಟಿದೆ.

2. ಲೆಕ್ಕಕ್ಕೆ ಬೇಕಾದ ಪರಮಾಣು ಸಂಖ್ಯೆ 56, 55 ಅಲ್ಲ. ಬಾಟಲಿಯ ಮೇಲೆ ಸೀಸಿಯಂ ಎಂದಿದ್ದರೂ ಎಲೆಕ್ಟ್ರಾನ್ ಹೊರಡುವುದು ಬೇರಿಯಂನಿಂದ. ಬೇರಿಯಂನ ಕೆ ಬಂಧಕ ಶಕ್ತಿ 37.4 ಕೆಇವಿ, ಅದನ್ನು ಕಳೆದರೆ ಕೆ ಎಲೆಕ್ಟ್ರಾನ್ 624 ಕೆಇವಿಯಲ್ಲಿ ಬರಬೇಕು.

3. ಎಣಿಸುವುದು ಸುಲಭ, ದಕ್ಷತೆ ತಿಳಿಯುವುದು ಕಷ್ಟ. ರಾತ್ರಿಯಿಡೀ ಎಣಿಸಿದರೆ ಅಂಕಿಅಂಶದ ದೋಷ ಎಷ್ಟು ಬೇಕಾದರೂ ಇಳಿಯುತ್ತದೆ, ಆದರೆ ಉತ್ತರ ಸರಿಯಾಗುವುದಿಲ್ಲ. 32 ಕೆಇವಿ ಮತ್ತು 662 ಕೆಇವಿ ಎರಡೂ ಒಂದೇ ಡಿಟೆಕ್ಟರಿಗೆ ತೀರ ಬೇರೆ ಬೇರೆ ಲೋಕಗಳು. ಸೋಡಿಯಂ ಅಯೊಡೈಡ್ ಹರಳಿನ ಮುಂದೆ ಅರ್ಧ ಮಿಲಿಮೀಟರ್ ಅಲ್ಯೂಮಿನಿಯಂ ಇದ್ದರೆ 662ರ ಗ್ಯಾಮಾಗಳಲ್ಲಿ ಶೇಕಡ ಒಂದರಷ್ಟು ಮಾತ್ರ ನಷ್ಟ. 32ರ ಕ್ಷ-ಕಿರಣಗಳಲ್ಲಿ ಶೇಕಡ ಹತ್ತಕ್ಕೂ ಹೆಚ್ಚು. ಮೂಲವನ್ನು ಮುಚ್ಚಿರುವ ಪ್ಲಾಸ್ಟಿಕ್ಕೂ ತನ್ನ ಪಾಲು ಕಸಿಯುತ್ತದೆ. ಹರಳಿನ ಒಳಗೆ ಹೊಕ್ಕ ಮೇಲೂ ಒಂದು ಸೂಕ್ಷ್ಮವಿದೆ. ಅಯೋಡಿನ್ನಿನ ಕೆ ಅಂಚು 33.2 ಕೆಇವಿ. ಬೇರಿಯಂನ ಕೆ-ಆಲ್ಫಾ ಗೆರೆಗಳು ಅದಕ್ಕಿಂತ ಕೂದಲೆಳೆಯಷ್ಟು ಕೆಳಗಿವೆ, 36 ಕೆಇವಿಯ ಕೆ-ಬೀಟಾ ಮೇಲಿದೆ. ಹಾಗಾಗಿ ಅಯೋಡಿನ್ ಕ್ಷ-ಕಿರಣ ತಪ್ಪಿಸಿಕೊಂಡು ಹೋಗುವ ತೊಂದರೆ ಕೆ-ಬೀಟಾಗೆ ಮಾತ್ರ. ಹಾಗೆ ತಪ್ಪಿಸಿಕೊಂಡ ಘಟನೆಗಳು ಎಂಟು ಕೆಇವಿ ಬಳಿ ಬಿದ್ದು ಗದ್ದಲದಲ್ಲಿ ಕಳೆದುಹೋಗುತ್ತವೆ. ಎರಡಕ್ಕೂ ಒಂದೇ ತಿದ್ದುಪಡಿ ಹಾಕುವುದು ತಪ್ಪು.

4. ಕ್ಷ-ಕಿರಣ ಎಲ್ಲಿಂದ ಬಂತು ಎಂದು ಕೇಳಿಕೊಳ್ಳಿ. ಸೀಸಿಯಂ-137 ಬೀಟಾ ಸೂಸುವ ಮೂಲ. ಅದರ ಕೆ ಕ್ಷ-ಕಿರಣಗಳು ಹೆಚ್ಚುಕಡಿಮೆ ಎಲ್ಲವೂ ಪರಿವರ್ತನೆಯಿಂದಲೇ ಬಂದವು. ಬಿಸ್ಮತ್-207ರಲ್ಲಿ ಹಾಗಲ್ಲ. ಅಲ್ಲಿ ಎಲೆಕ್ಟ್ರಾನ್ ಸೆರೆಯಿಂದಲೂ ಸೀಸದ ಕ್ಷ-ಕಿರಣ ಬರುತ್ತದೆ. ಆ ಮೂಲಕ್ಕೆ ಎಲೆಕ್ಟ್ರಾನ್‌ಗಳನ್ನೇ ಎಣಿಸುವುದು ಮೇಲು. 482 ಮತ್ತು 976 ಕೆಇವಿಯ ಕೆ ಗೆರೆಗಳು ಸಿಲಿಕಾನ್ ಡಿಟೆಕ್ಟರಿನ ಶಕ್ತಿ ಮಾಪನಾಂಕ ನಿರ್ಣಯಕ್ಕೂ ಒದಗುತ್ತವೆ. ಆದರೆ ಮೂಲ ತೆಳುವಾಗಿರಬೇಕು, ನಿರ್ವಾತವಿರಬೇಕು.

5. ಕಂಪ್ಯೂಟರ್ ಕೊಟ್ಟ ಸಂಖ್ಯೆಯನ್ನೂ ಪ್ರಶ್ನಿಸಿ. ಆಸ್ಟ್ರೇಲಿಯದ ಕ್ಯಾನ್‌ಬೆರಾದಲ್ಲಿ ರೂಪುಗೊಂಡ ಬ್ರಿಕ್ ಪ್ರೋಗ್ರಾಮಿನಲ್ಲಿ ಪರಮಾಣು ಸಂಖ್ಯೆ, ಶಕ್ತಿ, ಬಹುಧ್ರುವತೆ ಕೊಟ್ಟರೆ ಕ್ಷಣದಲ್ಲಿ ಗುಣಾಂಕ ಬರುತ್ತದೆ. ಅದರ ಹಿಂದೆ ದೀರ್ಘ ಕಾಲ ಬಗೆಹರಿಯದ ಒಂದು ಪ್ರಶ್ನೆಯಿತ್ತು. ಎಲೆಕ್ಟ್ರಾನ್ ಹೊರಟ ಮೇಲೆ ಕೆ ಕವಚದಲ್ಲಿ ಉಳಿಯುವ ತೆರವನ್ನು ಲೆಕ್ಕಕ್ಕೆ ಹಿಡಿಯಬೇಕೇ, ಬೇಡವೇ? ಸಾಮಾನ್ಯ ಸಂಕ್ರಮಣಗಳಲ್ಲಿ ವ್ಯತ್ಯಾಸ ಕಾಣುವುದೇ ಇಲ್ಲ. ಇರಿಡಿಯಂ-193ರ 80.2 ಕೆಇವಿ ಎಂ4 ಸಂಕ್ರಮಣ ಬೇರೆ ಬಗೆಯದು. ಅದರ ಕೆ ಬಂಧಕ ಶಕ್ತಿ 76.1 ಕೆಇವಿ, ಎಲೆಕ್ಟ್ರಾನ್ ಬರೀ ನಾಲ್ಕು ಕೆಇವಿಯಲ್ಲಿ ನಿಧಾನವಾಗಿ ಹೊರಬರುತ್ತದೆ. ತೆರವನ್ನು ಬಿಟ್ಟರೆ ಕೆ ಕವಚದ ಗುಣಾಂಕ 92, ಸೇರಿಸಿದರೆ 103. ಅಮೆರಿಕದ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದ ಸೈಕ್ಲೋಟ್ರಾನ್ ಸಂಸ್ಥೆಯಲ್ಲಿ ಜಾನ್ ಹಾರ್ಡಿ ಅವರ ತಂಡ 2004ರಲ್ಲಿ ಪ್ರಕಟಿಸಿದ ಅಳತೆ 103.0, ದೋಷ 0.8. ತೆರವು ಲೆಕ್ಕಕ್ಕೆ ಬೇಕು ಎಂದು ತೀರ್ಮಾನವಾಯಿತು. ಅವರಿಗೆ ಇದು ಸಾಧ್ಯವಾದದ್ದು ಜರ್ಮೇನಿಯಂ ಡಿಟೆಕ್ಟರಿನ ದಕ್ಷತೆಯನ್ನು ಅಪರೂಪದ ನಿಖರತೆಯಲ್ಲಿ ಮೊದಲೇ ಗೊತ್ತುಮಾಡಿಕೊಂಡಿದ್ದರಿಂದ.

6. ಸೊನ್ನೆ ಸ್ಪಿನ್‌ನಿಂದ ಸೊನ್ನೆ ಸ್ಪಿನ್‌ಗೆ ಇಳಿಯುವ ಇ0 ಸಂಕ್ರಮಣದಲ್ಲಿ, ಜರ್ಮೇನಿಯಂ-72ರ 691 ಕೆಇವಿಯಂತೆ, ಒಂಟಿ ಗ್ಯಾಮಾ ಹೊರಬರುವುದಿಲ್ಲ. ಭಾಗಿಸಲು ಛೇದವೇ ಇಲ್ಲದ್ದರಿಂದ ಗುಣಾಂಕದ ಮಾತೂ ಇಲ್ಲ. ಎಲೆಕ್ಟ್ರಾನ್‌ಗಳನ್ನು ಮಾತ್ರ ಅಳೆಯಬೇಕು.

7. ರೆಕಾರ್ಡ್ ತಿದ್ದುವ ಅಧ್ಯಾಪಕರಲ್ಲಿ ಒಂದು ವಿನಂತಿ. ವಿದ್ಯಾರ್ಥಿಯ ಉತ್ತರ 0.09 ಬಂದಿದೆಯೇ ಎಂದಷ್ಟೇ ನೋಡಿ ಅಂಕ ಹಾಕಬೇಡಿ. 32 ಕೆಇವಿಯಲ್ಲಿ ದಕ್ಷತೆ ಎಷ್ಟು ಹಿಡಿದೆ, ಅದನ್ನು ಎಲ್ಲಿಂದ ತಂದೆ ಎಂದು ಕೇಳಿ. ಉತ್ತರ 0.07 ಬಂದರೂ ಅದಕ್ಕೆ ಕಾರಣ ಬರೆದವರಿಗೆ ಪೂರ್ತಿ ಅಂಕ ಕೊಡಿ.