ಮೊಲದ ಹಿಂಗಾಲು ಇದ್ದಕ್ಕಿದ್ದಂತೆ ಸೋತು ಮೇವು ಬಿಟ್ಟರೆ ಏನು ಮಾಡಬೇಕು?

ಈ ಸಲದ ಆರೋಗ್ಯ ಲೇಖನ ಮನೆಯ ಪುಟ್ಟ ಸದಸ್ಯನ ಬಗ್ಗೆ. ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಯ ಫ್ಲ್ಯಾಟುಗಳಲ್ಲಿ ನಾಯಿ ಸಾಕುವುದು ಕಷ್ಟ ಎಂದು ಎಷ್ಟೋ ಮನೆಗಳು ಮಕ್ಕಳ ಹಟಕ್ಕೆ ಮೊಲ ತರುತ್ತವೆ. ಬೊಗಳುವುದಿಲ್ಲ, ಜಾಗವೂ ಕಡಿಮೆ ಸಾಕು. ಆದರೆ ಕಾಯಿಲೆ ಬಂದಾಗಲೂ ಅದು ಸದ್ದು ಮಾಡುವುದಿಲ್ಲ. ಬೇಟೆಗೆ ಸಿಗುವ ಪ್ರಾಣಿ ನೋವನ್ನು ಕೊನೆಯವರೆಗೂ ಮುಚ್ಚಿಡುತ್ತದೆ.

ನಿನ್ನೆ ರಾತ್ರಿಯವರೆಗೂ ಕುಪ್ಪಳಿಸುತ್ತಿದ್ದ ಮೊಲ ಬೆಳಿಗ್ಗೆ ಹಿಂಗಾಲು ಎಳೆದುಕೊಂಡು ತೆವಳುತ್ತಿದೆ. ಇಟ್ಟ ಸೊಪ್ಪು ಹಾಗೇ ಇದೆ. "ಸುಸ್ತಾಗಿರಬೇಕು, ನಾಳೆ ನೋಡೋಣ" ಎಂದು ಮನೆಯಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ವಾದಿಸುತ್ತ ಕೂರುವ ಹೊತ್ತಲ್ಲ ಇದು. ಒಂದೇ ಮಾತು ನೆನಪಿಡಿ:

*ಮೊಲ 12 ಗಂಟೆ ಏನೂ ತಿನ್ನದಿದ್ದರೆ ಅದು ತುರ್ತು ಸ್ಥಿತಿ. ಜೊತೆಗೆ ಹಿಂಗಾಲೂ ಸೋತಿದ್ದರೆ ಅಷ್ಟು ಹೊತ್ತೂ ಕಾಯಬೇಡಿ.*

*ಕಾಲಿಗೂ ಹೊಟ್ಟೆಗೂ ಏನು ಸಂಬಂಧ?*

ಮೊಲದ ಕರುಳು ಹಗಲು ರಾತ್ರಿ ನಡೆಯುತ್ತಲೇ ಇರಬೇಕಾದ ಗಿರಣಿ ಇದ್ದಂತೆ. ನಾರಿನ ಮೇವು ಒಳಗೆ ಹೋಗುತ್ತಿದ್ದರೆ ಮಾತ್ರ ಅದು ತಿರುಗುತ್ತದೆ. ನೋವು, ಹೆದರಿಕೆ, ಸೆಕೆ ಯಾವುದರಿಂದಲಾದರೂ ಮೊಲ ತಿನ್ನುವುದು ನಿಂತರೆ ಕರುಳಿನ ಚಲನೆಯೂ ನಿಧಾನವಾಗುತ್ತದೆ. ಒಳಗಿನ ಮೇವು ಒಣಗಿ ಗಟ್ಟಿಯಾಗುತ್ತದೆ, ಗ್ಯಾಸ್ ತುಂಬುತ್ತದೆ, ನೋವು ಇನ್ನೂ ಹೆಚ್ಚುತ್ತದೆ. ಮೊಲಕ್ಕೆ ವಾಂತಿ ಮಾಡಲೂ ಆಗದು. ಹಸಿವು ಮುಂದುವರಿದರೆ ಯಕೃತ್ತಿನಲ್ಲಿ ಕೊಬ್ಬು ತುಂಬಿ ಅದೂ ಕೈಕೊಡುತ್ತದೆ. ಹಾಗಾಗಿ ತೊಂದರೆ ಕಾಲಿನಲ್ಲಿ ಶುರುವಾದರೂ ಜೀವ ಹೋಗುವುದು ಹೊಟ್ಟೆಯಿಂದ ಇರಬಹುದು. ಇದರ ತಿರುವುಮುರುವೂ ಉಂಟು: ಬರೀ ಹೊಟ್ಟೆನೋವಿಗೇ ಮೊಲ ಕಾಲು ಸೋತಂತೆ ಮಲಗಿಬಿಡಬಹುದು.

*ಮುಖ್ಯ ಕಾರಣಗಳು*

1. *ಬೆನ್ನುಮೂಳೆಗೆ ಪೆಟ್ಟು.* ಮೊಲದ ಮೂಳೆ ಹಗುರ, ಹಿಂಗಾಲಿನ ಸ್ನಾಯು ಮಾತ್ರ ಬಹಳ ಬಲ. ಎತ್ತಿಕೊಂಡಾಗ ಹಿಂಭಾಗಕ್ಕೆ ಆಧಾರವಿಲ್ಲದೆ ಜೋರಾಗಿ ಒದ್ದರೆ ತನ್ನ ಒದೆತಕ್ಕೆ ತನ್ನದೇ ಬೆನ್ನುಮೂಳೆ ಮುರಿಯಬಹುದು. ದೀಪಾವಳಿಯ ಪಟಾಕಿಗೆ ಬೆಚ್ಚಿ ಪಂಜರದೊಳಗೆ ಹಾರಿದಾಗ, ಮಗುವಿನ ಕೈಯಿಂದ ಜಾರಿ ಬಿದ್ದಾಗ, ನುಣುಪು ಟೈಲ್ಸ್ ಮೇಲೆ ಕಾಲು ಜಾರಿದಾಗಲೂ ಹೀಗಾಗಬಹುದು.

2. *ಇ. ಕ್ಯುನಿಕ್ಯುಲೈ ಎಂಬ ಸೂಕ್ಷ್ಮ ಪರಾವಲಂಬಿ.* ಸೋಂಕಿರುವ ಮೊಲದ ಮೂತ್ರದಿಂದ ಹರಡಿ ಮೆದುಳು, ಮೂತ್ರಪಿಂಡಗಳಲ್ಲಿ ಸೇರಿಕೊಳ್ಳುತ್ತದೆ. ಎಷ್ಟೋ ಮೊಲಗಳಲ್ಲಿ ಸುಮ್ಮನೆ ಅಡಗಿದ್ದು ಮೈ ಸೋತಾಗ ತಲೆ ಎತ್ತುತ್ತದೆ. ಹಿಂಗಾಲು ಸೋಲುವುದು, ತಲೆ ಒಂದು ಪಕ್ಕಕ್ಕೆ ವಾಲುವುದು, ಮೂತ್ರದ ಹಿಡಿತ ತಪ್ಪುವುದು ಇದರ ಲಕ್ಷಣ.

3. *ಸೆಕೆಯ ಹೊಡೆತ.* ಮೊಲ ನಮ್ಮಂತೆ ಬೆವರುವುದಿಲ್ಲ. ಚೆನ್ನೈ, ಹೈದರಾಬಾದ್, ದೆಹಲಿಯ ಮೇ ತಿಂಗಳಲ್ಲಿ ಬಾಲ್ಕನಿಯ ಪಂಜರವೇ ಒಲೆಯಾಗುತ್ತದೆ.

4. *ಪಾದದ ಹುಣ್ಣು, ಸಂಧಿವಾತ, ಹಲ್ಲಿನ ತೊಂದರೆ.* ಇವು ನಿಧಾನವಾಗಿ ಬೆಳೆದಿದ್ದರೂ ನಮ್ಮ ಕಣ್ಣಿಗೆ ಬೀಳುವುದು ಒಂದೇ ದಿನ.

ಇವುಗಳಲ್ಲಿ ಯಾವುದೆಂದು ಮನೆಯಲ್ಲಿ ಕೂತು ಹೇಳಲಾಗದು. ಮುಟ್ಟಿ ನೋಡಿ, ಎಕ್ಸ್‌ರೇ ತೆಗೆದೇ ತಿಳಿಯಬೇಕು.

*ವೈದ್ಯರ ಬಳಿ ಹೋಗುವವರೆಗೆ ಹೀಗೆ ಮಾಡಿ*

✅ ಪದೇ ಪದೇ ಎತ್ತಿ ನಿಲ್ಲಿಸಿ ನೋಡಬೇಡಿ. ದಪ್ಪ ಟವೆಲ್ ಮೇಲೆ ಮೆಲ್ಲಗೆ ಸರಿಸಿ, ಟವೆಲ್ ಸಮೇತ ತಗ್ಗಾದ ಪೆಟ್ಟಿಗೆಯಲ್ಲಿ ಮಲಗಿಸಿ.

✅ ಕಿವಿ ಮುಟ್ಟಿ ನೋಡಿ. ತಣ್ಣಗಿದ್ದರೆ ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಡಿ. ಸೆಕೆಗಾಲದಲ್ಲಿ ಕಿವಿ ಸುಡುತ್ತಿದ್ದರೆ ತಣ್ಣೀರಿನ ಬಟ್ಟೆಯಿಂದ ಕಿವಿ ಒರೆಸಿ, ಫ್ಯಾನ್ ಹಾಕಿ. ಐಸ್ ನೀರಲ್ಲಿ ಮುಳುಗಿಸಬೇಡಿ. ಮೊಲದ ಸಹಜ ತಾಪಮಾನ ಸುಮಾರು 38.5ರಿಂದ 40 ಡಿಗ್ರಿ ಸೆಲ್ಸಿಯಸ್. ಅದಕ್ಕಿಂತ ಇಳಿದರೆ ಜ್ವರಕ್ಕಿಂತಲೂ ಕೆಟ್ಟದ್ದು.

✅ ಬಟ್ಟಲಿನಲ್ಲಿ ನೀರು, ಬಾಯಿಗೆ ಎಟುಕುವಂತೆ ಹುಲ್ಲು, ಎರಡು ಎಸಳು ಕೊತ್ತಂಬರಿ ಸೊಪ್ಪು ಇಡಿ. ನೇತುಹಾಕಿದ ಬಾಟಲಿಗೆ ಕಾಲು ಸೋತ ಮೊಲ ಎದ್ದು ಬಾಯಿ ಹಾಕಲಾರದು.

✅ ಕೊನೆಯ ಸಲ ತಿಂದದ್ದು ಯಾವಾಗ, ಹಿಕ್ಕೆ ಹಾಕಿದ್ದು ಯಾವಾಗ, ಹಿಕ್ಕೆ ಚಿಕ್ಕದಾಗಿತ್ತೇ, ಮೂತ್ರ ಆಯಿತೇ, ಹಲ್ಲು ಮಸೆಯುತ್ತಿದೆಯೇ ಎಂದು ಬರೆದುಕೊಳ್ಳಿ. ಹಲ್ಲು ಕಟಕಟ ಮಸೆಯುವುದು ನೋವಿನ ಗುರುತು. ನಡೆಯುವ ಹತ್ತು ಸೆಕೆಂಡಿನ ವಿಡಿಯೋ ಮೊಬೈಲಿನಲ್ಲಿದ್ದರೆ ವೈದ್ಯರಿಗೆ ಬಹಳ ಉಪಯೋಗ.

*ಇವನ್ನು ಮಾಡಲೇಬೇಡಿ*

❌ ನಮ್ಮ ನೋವಿನ ಮಾತ್ರೆ ಕೊಡಬೇಡಿ. ಮನೆಯಲ್ಲಿ ಉಳಿದ ಅಮಾಕ್ಸಿಸಿಲಿನ್ ಅಂತೂ ಬೇಡವೇ ಬೇಡ. ಬಾಯಿಯ ಮೂಲಕ ಕೊಟ್ಟರೆ ಮೊಲದ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳು ಸತ್ತು ಪ್ರಾಣಕ್ಕೇ ಎರವಾಗುತ್ತದೆ.

❌ ನಾಯಿಯ ಉಣ್ಣೆಗೆ ಹಚ್ಚುವ ಫಿಪ್ರೊನಿಲ್ ಮದ್ದು ಮೊಲಕ್ಕೆ ವಿಷ.

❌ ಎಣ್ಣೆ ಹಚ್ಚಿ ಬೆನ್ನು ನೀವುವುದು, ಕಾಲು ಎಳೆದು ಸರಿಮಾಡುವುದು ಬೇಡ. ಮುರಿದ ಮೂಳೆ ನರವನ್ನೇ ಕತ್ತರಿಸಬಹುದು.

❌ ಹಾಲು, ಬೆಲ್ಲದ ನೀರು, ಬಿಸ್ಕತ್ತು, ಅನ್ನ ತಿನ್ನಿಸಬೇಡಿ. ಹೊಟ್ಟೆ ತಮಟೆಯಂತೆ ಬಿಗಿದಿದ್ದರೆ ಅಥವಾ ತಲೆ ಎತ್ತಲಾರದಿದ್ದರೆ ಸಿರಿಂಜಿನಿಂದ ಏನನ್ನೂ ಬಾಯಿಗೆ ಹಾಕಬೇಡಿ.

*ಪರಊರಲ್ಲಿ ವೈದ್ಯರನ್ನು ಹುಡುಕುವುದು ಹೇಗೆ?*

ಎಲ್ಲ ಪಶುವೈದ್ಯರೂ ಮೊಲ ನೋಡುವುದಿಲ್ಲ. ಫೋನಿನಲ್ಲೇ "ಎಕ್ಸಾಟಿಕ್ ವೆಟ್ ಇದ್ದಾರೆಯೇ, ಮೊಲ ನೋಡುತ್ತಾರೆಯೇ" ಎಂದು ಕೇಳಿ. ಭಾಷೆ ಅಡ್ಡ ಬಂದರೆ ಹೆಸರು ಗೊತ್ತಿರಲಿ: ಹಿಂದಿಯಲ್ಲಿ ಖರ್ಗೋಶ್, ಮರಾಠಿಯಲ್ಲಿ ಸಸಾ, ತಮಿಳಿನಲ್ಲಿ ಮುಯಲ್, ತೆಲುಗಿನಲ್ಲಿ ಕುಂದೇಲು. ಮುಂಬೈಯ ಪರೇಲ್‌ನಲ್ಲಿ ಬಾಯಿ ಸಕರ್‌ಬಾಯಿ ದಿನ್‌ಶಾ ಪೆಟಿಟ್ ಪ್ರಾಣಿ ಆಸ್ಪತ್ರೆ, ಚೆನ್ನೈಯ ವೇಪೇರಿಯಲ್ಲಿ ಮದ್ರಾಸ್ ಪಶುವೈದ್ಯಕೀಯ ಕಾಲೇಜು, ಹೈದರಾಬಾದಿನ ರಾಜೇಂದ್ರನಗರದಲ್ಲಿ ಪಶುವೈದ್ಯಕೀಯ ಕಾಲೇಜು ಇವೆ. ಹೊರಡುವ ಮೊದಲು ಫೋನ್ ಮಾಡಿ ವಿಚಾರಿಸಿ. ಇನ್ನೂ ಒಳ್ಳೆಯದೆಂದರೆ, ಮೊಲ ಚೆನ್ನಾಗಿರುವಾಗಲೇ ಇಂಥ ಒಂದು ನಂಬರ್ ಹುಡುಕಿ ಫ್ರಿಜ್ ಮೇಲೆ ಅಂಟಿಸಿಡಿ.

*ಚಿಕಿತ್ಸೆ ಮತ್ತು ಆರೈಕೆ*

ನೋವಿನ ಇಂಜೆಕ್ಷನ್, ಚರ್ಮದಡಿ ದ್ರವ, ಸಿರಿಂಜಿನಿಂದ ನಾರಿನ ಆಹಾರ – ವೈದ್ಯರು ಸಾಮಾನ್ಯವಾಗಿ ಮೊದಲು ಮಾಡುವುದು ಇವನ್ನು. ಇ. ಕ್ಯುನಿಕ್ಯುಲೈ ಶಂಕೆಯಿದ್ದರೆ ಫೆನ್‌ಬೆಂಡಜೋಲ್ ಔಷಧಿಯನ್ನು ಸಾಮಾನ್ಯವಾಗಿ 28 ದಿನ ಕೊಡುತ್ತಾರೆ. ನಾಲ್ಕು ದಿನಕ್ಕೆ ಮೊಲ ಚುರುಕಾಯಿತೆಂದು ನಿಲ್ಲಿಸಬೇಡಿ. ಕಾಲು ಸೋತಿರುವಷ್ಟು ದಿನ ಮೆತ್ತನೆ ಹಾಸಿಗೆ ಬೇಕು, ಮೂತ್ರದಿಂದ ಒದ್ದೆಯಾದ ಚರ್ಮವನ್ನು ದಿನಕ್ಕೆ ಎರಡು ಮೂರು ಸಲ ಒರೆಸಿ ಒಣಗಿಸಬೇಕು. ಮಳೆಗಾಲದ ಮುಂಬೈಯಲ್ಲಿ ಒದ್ದೆ ರೋಮದ ಮೇಲೆ ನೊಣ ಮೊಟ್ಟೆಯಿಟ್ಟರೆ ಒಂದೇ ದಿನದಲ್ಲಿ ಹುಳು ಬೀಳಬಹುದು. ಈ ಪರಾವಲಂಬಿ ರೋಗನಿರೋಧಕ ಶಕ್ತಿ ತೀರಾ ಕುಗ್ಗಿದ ಮನುಷ್ಯರಿಗೂ ತಗಲಬಹುದು. ಕೀಮೋ ಪಡೆಯುತ್ತಿರುವವರು ಮನೆಯಲ್ಲಿದ್ದರೆ ಪಂಜರ ತೊಳೆಯುವ ಕೆಲಸ ಅವರಿಗೆ ಬೇಡ.

ಬಹಳ ಮೊಲಗಳು ಚೇತರಿಸಿಕೊಳ್ಳುತ್ತವೆ. ಕೆಲವು ಸ್ವಲ್ಪ ಕುಂಟುತ್ತಲೇ ನೆಮ್ಮದಿಯಾಗಿ ಬಾಳುತ್ತವೆ. ಬೆನ್ನುಹುರಿ ಪೂರ್ತಿ ತುಂಡಾಗಿದ್ದರೆ ವೈದ್ಯರು ನೋವಿಲ್ಲದ ಸಾವಿನ ಮಾತು ಎತ್ತಬಹುದು. ಆಗ ಮಕ್ಕಳಿಗೆ "ಊರಿಗೆ ಕಳಿಸಿದೆವು" ಎನ್ನಬೇಡಿ. ನಿಜ ಹೇಳಿ, ಜೊತೆಗೆ ಕೂತು ಅಳಲು ಬಿಡಿ.

*ಮುಂಜಾಗ್ರತೆ*

🔹 ಕಿವಿ ಹಿಡಿದು ಎತ್ತಲೇಬಾರದು. ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕೈ ಹಿಂಭಾಗದ ಕೆಳಗೆ, ಮೈಗೆ ಒತ್ತಿಕೊಂಡು ಎತ್ತಿ. ಚಿಕ್ಕ ಮಕ್ಕಳು ನೆಲದಲ್ಲಿ ಕೂತೇ ಆಡಲಿ.

🔹 ಟೈಲ್ಸ್ ಮೇಲೆ ಚಾಪೆ ಅಥವಾ ಹಳೆಯ ಜಮಖಾನ ಹಾಸಿ.

🔹 ಮೇವಿನಲ್ಲಿ ಹೆಚ್ಚಿನ ಪಾಲು ಹುಲ್ಲೇ ಇರಲಿ. ಗಣಪತಿಗೆ ಏರಿಸುವ ಗರಿಕೆ ಮೊಲಕ್ಕೂ ಒಳ್ಳೆಯದು. ಮರಾಠಿಯವರ ದೂರ್ವಾ, ತಮಿಳರ ಅರುಗಂಪುಲ್, ದೆಹಲಿಯ ದೂಬ್ ಎಲ್ಲವೂ ಅದೇ. ಮದ್ದು ಹೊಡೆಯದ ಜಾಗದ್ದನ್ನು ತಂದು ತೊಳೆದು ಕೊಡಿ.

🔹 ರಜೆಗೆ ಊರಿಗೆ ಹೋಗುವಾಗ ಪಕ್ಕದ ಮನೆಯವರಿಗೆ ಒಪ್ಪಿಸಿದರೆ ಅದೇ ಮೇವು, ಅದೇ ಹೊತ್ತು ಎಂದು ಬರೆದುಕೊಡಿ. "12 ಗಂಟೆ ತಿನ್ನದಿದ್ದರೆ ವೈದ್ಯರು" ಎಂಬ ಸಾಲೂ ಅದರಲ್ಲಿರಲಿ.

ಮೊಲ ಸಾಕಿರುವ ಮನೆ ನಿಮಗೆ ಗೊತ್ತಿದ್ದರೆ ಇದನ್ನು ಇವತ್ತೇ ಕಳಿಸಿ. 🙏